ಬಿರುಗಾಳಿಯ ಪಿಕಪ್

"ಪಿಕಪ್ಪೇ ಇಲ್ಲ ಇದಕ್ಕೆ," ಎಂದು ಬಿರುಗಾಳಿ ಮತ್ತೆ ಬ್ರೇಕ್ ಒತ್ತಿದ. ಹೆದ್ದಾರಿಗೆ ಸೇರುವ ಕೂಡುದಾರಿಯ ತುತ್ತತುದಿಯಲ್ಲಿ, ತಣ್ಣೀರಿಗೆ ಕಾಲಿಡಲು ಹೆದರಿದ ಬೆಕ್ಕಿನ ಹಾಗೆ ಕಾರು ಮೂತಿಯನ್ನಷ್ಟೇ ಹೊರಹಾಕಿ ನಿಂತುಬಿಟ್ಟಿತು. ಎದುರಿಗೆ ಲಾರಿಗಳು ಒಂದರ ಬಾಲ ಒಂದು ಕಚ್ಚಿಕೊಂಡು ಹೋಗುತ್ತಿದ್ದವು. ಲೋಕದಲ್ಲಿರುವ ಲಾರಿಗಳೆಲ್ಲ ಆ ಬೆಳಿಗ್ಗೆ ಅದೇ ರಸ್ತೆಗೆ ಬಂದಿರಬೇಕು, ಇನ್ನೆಲ್ಲೂ ಒಂದೂ ಉಳಿದಿರಲಾರದು.

ಪಕ್ಕದಲ್ಲಿ ಹೆಂಡತಿ ನರ್ಸಮ್ಮ ಕುಳಿತಿದ್ದಳು. ವಾರದಿಂದ ದಿನವೂ ಇದೇ ಜಾಗ, ಇದೇ ಮಾತು. ಗಂಡ ಅಲ್ಲಿ ಕಾಯುವಷ್ಟು ಹೊತ್ತಿನಲ್ಲಿ ಒಂದು ಮಗು ಹುಟ್ಟಿ, ಹಲ್ಲು ಬಂದು, ಶಾಲೆ ಮುಗಿಸಿ, ಲೈಸೆನ್ಸ್ ತೆಗೆದುಕೊಂಡು, ಅವರ ಹಿಂದೆಯೇ ಬಂದು ನಿಂತು ಹಾರ್ನ್ ಹೊಡೆಯಬಹುದಿತ್ತು. ಅವಳಿಗೆ ಸಿಟ್ಟು ಕೂಡ ಬರುತ್ತಿರಲಿಲ್ಲ. ಸಿಟ್ಟು ಬರುವುದಕ್ಕೂ ಒಂದಿಷ್ಟು ನಿದ್ದೆಯಾಗಿರಬೇಕು.

ಬಿರುಗಾಳಿ ಎಂಬುದು ಆಂಬುಲೆನ್ಸ್ ಡ್ರೈವರುಗಳು ಅವಳ ಗಂಡನಿಗೆ ಇಟ್ಟ ಹೆಸರು. ನಿವೃತ್ತನಾಗುವ ತನಕ ಅವನ ಗಾಡಿ ಹೊರಟಿತೆಂದರೆ ಸೈರನ್ನಿನ ಸದ್ದು ಏದುಸಿರು ಬಿಡುತ್ತ ಹಿಂದೆ ಓಡಿಬರಬೇಕಿತ್ತಂತೆ. ಹೆರಿಗೆ ನೋವಿನವಳನ್ನು ಹತ್ತಿಸಿಕೊಂಡರೆ ನೋವೇ ಹೆದರಿ ಸುಮ್ಮನಾಗುತ್ತಿತ್ತಂತೆ. ಉಸಿರು ನಿಂತವನೊಬ್ಬ ಒಂದು ತಿರುವಿನಲ್ಲಿ ಎದ್ದು ಕುಳಿತು, "ಸ್ವಲ್ಪ ನಿಧಾನ ಹೋಗಪ್ಪ," ಎಂದಿದ್ದನಂತೆ. ಇದರಲ್ಲಿ ಅರ್ಧ ಸುಳ್ಳೆಂದು ಕಳೆದರೂ ಉಳಿದರ್ಧಕ್ಕೇ ಊರೆಲ್ಲ ದಾರಿ ಬಿಡಬೇಕು. ಅಂಥವನು ಒಂದು ವರ್ಷದಿಂದ ಈ ಕೂಡುದಾರಿಯಲ್ಲಿ ನಿಲ್ಲುತ್ತಿದ್ದ. ಹಳೆಯ ಕಾರಿದ್ದಾಗ, "ಗಾಡಿಗೆ ವಯಸ್ಸಾಯ್ತು," ಎನ್ನುತ್ತಿದ್ದ. ಈಗ ಪಿಕಪ್ ಇಲ್ಲ.

ಪೆಟ್ರೋಲಿನ ಜೊತೆ ಬ್ಯಾಟರಿಯಿಂದಲೂ ಓಡುವ, ಕ್ಲಚ್ಚೇ ಇಲ್ಲದ ಈ ಹೈಬ್ರಿಡ್ ಕಾರನ್ನು ಶೋರೂಮಿನವರು ವಾರದ ಮಟ್ಟಿಗೆ ಓಡಿಸಿ ನೋಡಿ ಎಂದು ಕೊಟ್ಟಿದ್ದರು. ಬೇಕೋ ಬೇಡವೋ ಇಂದು ಸಂಜೆ ಹೇಳಬೇಕು. ಬೇಡವೆಂದರೆ ಅವನು ಕಣ್ಣಿಟ್ಟಿದ್ದ ದೊಡ್ಡ ಡೀಸೆಲ್ ಗಾಡಿ ಮನೆಗೆ ಬರುತ್ತದೆ. ಅದರ ಕ್ಲಚ್ ಒತ್ತಲು ಆನೆಯ ಕಾಲು ಬೇಕು. ನರ್ಸಮ್ಮನಿಗಿದ್ದದ್ದು ಆಪರೇಷನ್ ಟೇಬಲ್ಲಿನ ಪಕ್ಕ ನಿಂತು ನಿಂತು ಸವೆದ ಮಂಡಿ. ಅಷ್ಟು ಬೆಳಿಗ್ಗೆ ಬಸ್ಸಿಲ್ಲ. ಡೀಸೆಲ್ ಗಾಡಿ ಬಂದರೆ ಅವಳಿಗೆ ಕೆಲಸವಿರುವ ತನಕ ಪಕ್ಕದ ಸೀಟೇ ಗತಿ, ಈ ಲಾರಿಗಳ ಮೆರವಣಿಗೆಯೇ ಗತಿ. ಅಲ್ಲ, ಆಪರೇಷನ್ ಥಿಯೇಟರಿನ ಕೆಲಸ ಅಷ್ಟು ದಿನವೂ ಉಳಿಯುವುದಿಲ್ಲ. ನಿನ್ನೆ ಮೇಲ್ವಿಚಾರಕಿ ಕನ್ನಡಕ ತೆಗೆದು ಕಣ್ಣುಜ್ಜಿಕೊಳ್ಳುತ್ತ, "ಇನ್ನೊಂದು ದಿನ ತಡವಾದ್ರೆ ಥಿಯೇಟರ್ ಬಿಟ್ಟು ಕೆಳಗಡೆ ಬಟ್ಟೆ ಮಡಚೋಕೆ ಹೋಗ್ಬೇಕಾಗುತ್ತೆ ಸಿಸ್ಟರ್. ಬೈದು ಬೈದು ನನಗೇ ಸಾಕಾಗಿದೆ," ಎಂದಿದ್ದಳು.

ಹಿಂದಿನಿಂದ ಬ್ರೆಡ್ ವ್ಯಾನಿನ ಡ್ರೈವರ್ ಇಳಿದು ಬಂದು ಕಿಟಕಿ ತಟ್ಟಿದ.

"ಯಜಮಾನ್ರೇ, ಇಲ್ಲೇ ಮಲಗೋದಾದ್ರೆ ಹೇಳಿಬಿಡಿ. ಹಾಸಿಗೆ ತರಿಸ್ತೀನಿ."

"ಗಾಡೀಲಿ ಪಿಕಪ್ ಇಲ್ಲಪ್ಪ. ಹೈಬ್ರಿಡ್ಡು."

"ನಮ್ಮ ಭಾವನ ಹತ್ರಾನೂ ಇದೇ ಇದೆ. ಅವನು ದಿನಾ ಇಲ್ಲಿಂದ್ಲೇ ಹೋಗ್ತಾನೆ."

"ನಿಮ್ಮ ಭಾವ ಹಾರ್ತಾನೇನೋ."

"ಹಾರಲ್ಲ. ಆಕ್ಸಿಲರೇಟರ್ ಒತ್ತುತ್ತಾನೆ," ಎಂದ ಬ್ರೆಡ್ಡಿನವನು. "ನನ್ನ ಬ್ರೆಡ್ ಎಲ್ಲ ರಸ್ಕ್ ಆಗ್ತಿದೆ ಯಜಮಾನ್ರೇ, ಸ್ವಲ್ಪ ಪಕ್ಕಕ್ಕೆ ತಗೊಳ್ಳಿ."

ಬಿರುಗಾಳಿ ಕಾರನ್ನು ರಸ್ತೆಯ ಅಂಚಿಗೆ ಒತ್ತರಿಸಿಕೊಂಡ. ಬ್ರೆಡ್ ವ್ಯಾನ್ ಹೋಯಿತು, ಅದರ ಹಿಂದಿದ್ದವರೂ ಹೋದರು. ಒಬ್ಬೊಬ್ಬರೂ ದಾಟುವಾಗ ಒಮ್ಮೆ ತಿರುಗಿ ನೋಡಿದರು. ಅವನು ಸ್ಟೀರಿಂಗ್ ಮೇಲೆ ಎರಡೂ ಕೈಯಿಟ್ಟು ಕನ್ನಡಿಯನ್ನೇ ನೋಡುತ್ತಿದ್ದ. ಅಂಗಿಯ ಕಾಲರು ಬೆವರಿಗೆ ಒದ್ದೆಯಾಗಿತ್ತು.

"ರೀ," ಎಂದಳು ನರ್ಸಮ್ಮ. "ಇಳೀರಿ ಸ್ವಲ್ಪ."

"ಯಾಕೆ?"

"ನಾನು ತಗೊಳ್ತೀನಿ."

"ನೀನು ಗಾಡಿ ಮುಟ್ಟಿ ಯಾವ ಕಾಲವಾಯ್ತು?"

"ಮದುವೆಗೆ ಮುಂಚೆ ಲಸಿಕೆ ವ್ಯಾನ್ ಓಡಿಸಿಲ್ವಾ?"

"ಅದೂ ಒಂದು ಗಾಡೀನಾ? ಅದನ್ನ ಕೋಳಿಗಳು ಹಿಂದೆ ಹಾಕ್ತಿದ್ವು."

"ಹಾಕಲಿ. ಕೋಳಿಗಳೂ ಹೊತ್ತಿಗೆ ಸರಿಯಾಗಿ ಮುಟ್ಟುತ್ತಿದ್ವು, ನಾನೂ ಮುಟ್ಟುತ್ತಿದ್ದೆ. ಇಳೀರಿ. ಜಗಳಕ್ಕೆ ನನ್ನ ಹತ್ರ ತ್ರಾಣ ಇಲ್ಲ."

ಅವನು ನಕ್ಕುಬಿಡಬೇಕೆಂದುಕೊಂಡವನು ನಗಲಾರದೆ ಇಳಿದ. ಕಾರಿನ ಮುಂದೆ ಇಬ್ಬರೂ ಎದುರುಬದುರಾದಾಗ, ಪರಿಚಯವಿಲ್ಲದವರ ಹಾಗೆ ಒಬ್ಬರಿಗೊಬ್ಬರು ದಾರಿ ಬಿಟ್ಟುಕೊಂಡರು.

ನರ್ಸಮ್ಮ ಸೀಟನ್ನು ಮುಂದಕ್ಕೆಳೆದುಕೊಂಡಳು. ಅವಳ ಎದೆ ಹೊಡೆದುಕೊಳ್ಳುತ್ತಿದ್ದ ರಭಸಕ್ಕೆ ಕಾರಿನ ಗಾಜುಗಳು ನಡುಗುತ್ತಿದ್ದವು ಎಂದರೆ ಸ್ವಲ್ಪವೇ ಹೆಚ್ಚಾದೀತು. ಒಂದು ಟ್ಯಾಂಕರ್ ಹೋಯಿತು. ಅದರ ಹಿಂದೆ ದೂರದಲ್ಲಿ ಒಂದು ಲಾರಿ, ನಡುವೆ ಖಾಲಿ ರಸ್ತೆ. ಅವಳು ಆಕ್ಸಿಲರೇಟರ್ ಒತ್ತಿದಳು.

ಮೊದಲು ಸದ್ದೇ ಇಲ್ಲ. ಯಾರೋ ಹಿಂದಿನಿಂದ ಬೆನ್ನಿಗೆ ಕೈಯಿಟ್ಟು ತಳ್ಳಿದ ಹಾಗೆ ಕಾರು ಹೊರಟಿತು. ಹಾಗೆ ತಳ್ಳಿದ್ದು ಬ್ಯಾಟರಿಯ ಮೋಟಾರು. ಮರುಕ್ಷಣ ಎಂಜಿನ್ ಎಚ್ಚೆತ್ತು ಬಾಯಿ ಬಡಿದುಕೊಳ್ಳತೊಡಗಿತು. ಕಾರಿನ ವೇಗಕ್ಕೂ ಅದರ ಗೋಳಿಗೂ ತಾಳಮೇಳವಿರಲಿಲ್ಲ. ಗಾಡಿ ಇನ್ನೂ ಓಡತೊಡಗಿದೆ, ಅದು ಆಗಲೇ ಪ್ರಾಣ ಹೋಯಿತೆಂದು ಅರಚುತ್ತಿದೆ. ನರ್ಸಮ್ಮ ಅದನ್ನು ಕಿವಿಗೆ ಹಾಕಿಕೊಳ್ಳಲಿಲ್ಲ. ಅರಚುವವರ ಪಕ್ಕದಲ್ಲಿ ನಿಂತು ಕೈಕೆಲಸ ಮುಂದುವರಿಸುವುದು ಅವಳ ದಿನದ ಬದುಕು.

ಆಗ ಅವಳ ಕಣ್ಣಂಚಿಗೆ ಗಂಡನ ಕಾಲು ಕಂಡಿತು. ಎಂಜಿನ್ ಅರಚಿದ ಕ್ಷಣಕ್ಕೆ ಸರಿಯಾಗಿ, ಏನೂ ಇಲ್ಲದ ಮ್ಯಾಟಿನ ಮೇಲಿಂದ, ಆಕ್ಸಿಲರೇಟರ್ ಬಿಡುವ ಹಾಗೆ, ಆ ಕಾಲು ತಟ್ಟನೆ ಮೇಲೆದ್ದಿತು. ಇನ್ನೊಂದು ಕಾಲು ಇಲ್ಲದ ಕ್ಲಚ್ಚನ್ನು ಒತ್ತಿತು. ಕೈ ಗೇರಿಗಾಗಿ ತಡಕಾಡಿ ಅವಳ ಊಟದ ಡಬ್ಬಿಯನ್ನು ಹಿಡಿದುಕೊಂಡಿತು.

"ಬಿಡು, ಬಿಡು ಅಲ್ಲಿ," ಎಂದ ಅವನು.

"ಏನನ್ನ?"

"ಕಾಲು. ಗೇರ್ ಬದಲಾಯಿಸ್ಬೇಕಲ್ಲ."

"ಇದಕ್ಕೆ ಬದಲಾಯಿಸೋ ಗೇರೇ ಇಲ್ವಲ್ರೀ."

ಅವಳು ಕಾಲು ಬಿಡಲಿಲ್ಲ. ಹಿಂದಿನ ಲಾರಿ ಹತ್ತಿರ ಬರುತ್ತಿತ್ತು, ಸ್ವಲ್ಪ ಹೊತ್ತು ಅಷ್ಟೇ ದೂರದಲ್ಲಿ ಉಳಿಯಿತು, ಆಮೇಲೆ ಕನ್ನಡಿಯಲ್ಲಿ ಚಿಕ್ಕದಾಯಿತು. ಇದೇನು ರಾಕೆಟ್ಟಲ್ಲ; ಹಾಗೆ ಹೇಳಲು ಈ ಕಥೆ ಹೇಳುವ ನನಗೂ ನಾಲಿಗೆ ಬರಲಾರದು. ದಿನಾ ಕೆಲಸಕ್ಕೆ ಹೋಗುವವರಿಗೆ ಎಷ್ಟು ಬೇಕೋ ಅಷ್ಟು ಓಡಿತು. ಎಂಜಿನ್ ಗೋಳು ನಿಲ್ಲಿಸಿ ಸುಮ್ಮನಾಯಿತು. ಒಳಗೆ ಟಯರುಗಳ ಸದ್ದು ಮಾತ್ರ ಉಳಿಯಿತು.

ಬಿರುಗಾಳಿ ಊಟದ ಡಬ್ಬಿಯಿಂದ ಕೈ ತೆಗೆದು ತೊಡೆಯ ಮೇಲಿಟ್ಟುಕೊಂಡ. ಪಾದಗಳನ್ನು ಸೀಟಿನ ಕೆಳಕ್ಕೆ ಎಳೆದುಕೊಂಡ. ಎಂಜಿನ್ ಅರಚಿದರೆ ತನ್ನ ಕಾಲು ತಾನಾಗೇ ಎದ್ದುಬಿಡುವುದನ್ನು ಅವಳು ನೋಡಿದಳೆಂದು ಅವನಿಗೆ ಗೊತ್ತಾಗಿತ್ತು. ಅವನಿಗೆ ಗೊತ್ತಾಯಿತೆಂದು ಅವಳಿಗೂ. ದಾರಿಯುದ್ದಕ್ಕೂ ಅವನು ಯಾರನ್ನೂ ಬೈಯಲಿಲ್ಲ, ಲಾರಿಯವರನ್ನು ಕೂಡ.

ಆಸ್ಪತ್ರೆಯ ಆವರಣದಲ್ಲಿ ಅವಳು ಕಾರು ನಿಲ್ಲಿಸುವಾಗ ಅವನ ಫೋನು ಬಡಿದುಕೊಂಡಿತು. ಶೋರೂಮಿನವನ ದನಿ ಹೊರಗೂ ಕೇಳುತ್ತಿತ್ತು.

"ಸಾರ್, ಗಾಡಿ ಹೇಗಿದೆ? ಪಿಕಪ್ ಸಾಲ್ದು ಅಂತಿದ್ರಲ್ಲ. ಡೀಸೆಲ್ಲೇ ಬುಕ್ ಮಾಡಿಬಿಡ್ಲಾ?"

ಬಿರುಗಾಳಿ ಹೆಂಡತಿಯ ಕಡೆ ನೋಡಲಿಲ್ಲ. "ಸಂಜೆ ಹೇಳ್ತೀನಪ್ಪ," ಎಂದು ಫೋನನ್ನು ಜೇಬಿಗೆ ಹಾಕಿದ. ಆಮೇಲೆ ಊಟದ ಡಬ್ಬಿ ಅವಳ ಕೈಗಿಟ್ಟ. "ಹೋಗು. ಹೊತ್ತಾಗುತ್ತೆ."

ಥಿಯೇಟರಿನ ಬಾಗಿಲಲ್ಲಿ ಮೇಲ್ವಿಚಾರಕಿ ಗಡಿಯಾರವನ್ನೊಮ್ಮೆ, ನರ್ಸಮ್ಮನನ್ನೊಮ್ಮೆ ನೋಡಿದಳು. ಗ್ಲೌಸಿನ ಪೊಟ್ಟಣ ಚಾಚಿದಳು. ಅವತ್ತು ಊರಿನ ಹೊಟ್ಟೆಗಳೆಲ್ಲ ಒಟ್ಟಿಗೆ ಕೆಟ್ಟಿದ್ದವೋ ಏನೋ, ಒಬ್ಬರನ್ನು ಹೊಲಿದು ಕಳಿಸುವಷ್ಟರಲ್ಲಿ ಇನ್ನೊಬ್ಬರು ಮೇಜಿನ ಮೇಲಿರುತ್ತಿದ್ದರು. ಊಟದ ಡಬ್ಬಿ ತೆರೆಯಲೂ ಆಗಲಿಲ್ಲ. ಗಂಡ ಕಾರು ತೆಗೆದುಕೊಂಡು ಮನೆಗೆ ಹೋಗಿರುತ್ತಾನೆ, ಸಂಜೆ ವಾಪಸು ಬರುವಾಗ ಅದೇ ಕೂಡುದಾರಿಯಲ್ಲಿ ನಿಂತಿರುತ್ತಾನೆ, ತಾನು ಗೇಟಿನ ಕಲ್ಲಿನ ಮೇಲೆ ಕುಳಿತು ಕಾಯಬೇಕು ಎಂದು ಲೆಕ್ಕ ಹಾಕುತ್ತಲೇ ಅವಳು ಕೈ ತೊಳೆದು ಹೊರಬಿದ್ದಳು.

ಕಾರು ಅವಳು ಬೆಳಿಗ್ಗೆ ನಿಲ್ಲಿಸಿದ ಜಾಗದಲ್ಲೇ, ನಿಲ್ಲಿಸಿದ ಹಾಗೇ, ಗೆರೆಗೆ ಒಂದಿಷ್ಟು ಸೊಟ್ಟಗೆ ನಿಂತಿತ್ತು. ಮೇಲೆಲ್ಲ ಮರದ ಎಲೆಗಳು ಉದುರಿದ್ದವು. ಬಿರುಗಾಳಿ ಪಕ್ಕದ ಸೀಟಿನಲ್ಲಿ, ಬೆಲ್ಟು ಹಾಕಿಕೊಂಡೇ, ತಲೆಯನ್ನು ಗಾಜಿಗೆ ಆನಿಸಿ ನಿದ್ದೆ ಹೋಗಿದ್ದ.