ಜನರೇಟರಿನ ಪಕ್ಕದ ಗಿಟಾರು

"ಇಳಿಸ್ರಲಾ ಆ ನನ್ಮಗನ್ನ ಕೆಳೀಕೆ. ಗುಡಿ ಜಗಲಿ ಮ್ಯಾಲೆ ಮಂಚನ ಮಗ ನಿಂತ್ಕಂಡವ್ನಲ್ಲ, ಊರಲ್ಲಿ ಹೇಳೋರು ಕೇಳೋರು ಯಾರೂ ಇಲ್ವೇನ್ಲಾ?"

ನಾನಿನ್ನೂ ಗಿಟಾರಿನ ಎರಡು ತಂತಿ ಶ್ರುತಿ ಮಾಡಿದ್ದೆ ಅಷ್ಟೆ. ಕೆಳಗೆ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕಾಲ ಮೇಲೆ ಕಾಲು ಹಾಕಿಕೊಂಡು ಹಾಗೆ ಕೂಗಿದವನು ಪಟೇಲರ ಮನೆ ರಂಗಸ್ವಾಮಿ. ಅವತ್ತು ಅವನಿಗೆ ಅರವತ್ತು ತುಂಬಿತ್ತು. ಗುಡಿಯ ಜಗಲಿಯನ್ನೇ ಸ್ಟೇಜು ಮಾಡಿ, ಮುಂದೆ ಶಾಮಿಯಾನ ಹಾಕಿಸಿ, ಊರಿಗೆಲ್ಲ ಬಾಡೂಟ ಹೇಳಿ, ಕೆ.ಆರ್. ಪೇಟೆಯಿಂದ ನಮ್ಮ ಆರ್ಕೆಸ್ಟ್ರಾ ಕರೆಸಿದ್ದ. ಊರು ನನ್ನದೇ, ಸಂತೆಬಾಚಹಳ್ಳಿಯಿಂದ ನಾಲ್ಕು ಮೈಲಿ. ಈ ಪ್ರೋಗ್ರಾಮು ಮಾತ್ರ ಬೇಡ ಸಾರ್ ಅಂತ ನಮ್ಮ ಯಜಮಾನ ನಾಗರಾಜುಗೆ ಮೊದಲೇ ಹೇಳಿದ್ದೆ. ಕಲಾವಿದನಿಗೆ ಯಾವ ಜಾತಿ ಕಣೋ ಅಂತ ಬೆನ್ನು ತಟ್ಟಿ ಟೆಂಪೋ ಹತ್ತಿಸಿದ್ದ.

"ಏನ್ಲಾ ನಿನ್ನೆಸ್ರು?" ರಂಗಸ್ವಾಮಿ ಕೇಳಿದ.

"ಚೈತನ್ಯ."

"ಮಂಚನ ಮಗ ಚೈತನ್ಯ!" ಅಂತ ಪಕ್ಕದವರ ಕಡೆ ತಿರುಗಿದ. ಕುರ್ಚಿಗಳೆಲ್ಲ ನಕ್ಕವು. ನನ್ನ ಜೊತೆ ಹೈಸ್ಕೂಲಲ್ಲಿ ಒಂದೇ ಬೆಂಚಲ್ಲಿ ಕೂತವರೂ ನಕ್ಕರು, ಥೂ.

ನಾನು ಇಳಿಯಲಿಲ್ಲ. ಇಳಿಯದೇ ಇರೋಕೆ ಧೈರ್ಯ ಬೇಕು ಅಂತ ಹೇಳ್ತಾರೆ. ನನಗಿದ್ದದ್ದು ಧೈರ್ಯ ಅಲ್ಲ, ಸಿಟ್ಟು. ನಾಗರಾಜು ಓಡಿಬಂದು ನನ್ನ ತೋಳು ಹಿಡಿದು ಕಿವಿಯಲ್ಲಿ ಒಂದೇ ಮಾತು ಹೇಳಿದ, ಸೋಮವಾರ ನೆನಪಿರಲಿ ಅಂತ.

ಸೋಮವಾರ ಮೈಸೂರಿಗೆ ಹೋಗಿ ನನಗೆ ಗಿಟಾರು ತರಬೇಕಿತ್ತು. ಮೂರು ವರ್ಷದಿಂದ ನಾನು ಬಾರಿಸುತ್ತಿರುವುದು ನಾಗರಾಜುದು, ಕತ್ತು ಸೊಟ್ಟಗಾದ ಹಳೇ ಗಿಟಾರು. ನಾಗಮಂಗಲದ ಮದುವೆ, ಪಾಂಡವಪುರದ ಗಣೇಶ, ಶ್ರೀರಂಗಪಟ್ಟಣದ ಛತ್ರ, ಎಲ್ಲಿ ಬಾರಿಸಿದರೂ ನನ್ನ ಕೂಲಿಯಲ್ಲಿ ಮುನ್ನೂರು ಮುರಿದುಕೊಂಡು ತಾನೇ ಇಟ್ಟುಕೊಳ್ಳುತ್ತಿದ್ದ. ಕೈಗೆ ಕೊಟ್ಟರೆ ಖರ್ಚು ಮಾಡಿಬುಡ್ತೀಯ, ನನ್ನ ಹತ್ರ ಇದ್ದರೆ ಗಿಟಾರಾಗುತ್ತೆ ಅನ್ನುತ್ತಿದ್ದ. ಅಂಗಡಿಯಲ್ಲಿ ಮೇಲೆ ನೇತುಹಾಕಿದ್ದ ಆ ಕಪ್ಪು ಗಿಟಾರನ್ನ ಒಂದು ಸಲ ಇಳಿಸಿ ಕೈಗೆ ಕೊಟ್ಟಿದ್ದರು, ಹತ್ತು ನಿಮಿಷ. ಅದನ್ನ ನೆನೆಸಿಕೊಂಡರೆ ಈಗಲೂ ಬೆರಳ ತುದಿ ಜುಮ್ಮೆನ್ನುತ್ತೆ. ಅದರ ಬೆಲೆ ಇಪ್ಪತ್ನಾಲ್ಕು ಸಾವಿರ. ಇದೊಂದು ಪ್ರೋಗ್ರಾಮು ಮುಗಿದರೆ ಅಷ್ಟೂ ತುಂಬುತ್ತಿತ್ತು.

ಅಷ್ಟರಲ್ಲಿ ನಾಗರಾಜು ಮತ್ತು ರಂಗಸ್ವಾಮಿ ಸೇರಿ ಒಂದು ಉಪಾಯ ಮಾಡಿಬಿಟ್ಟಿದ್ದರು. ವೈರು ಉದ್ದಕ್ಕಿದೆಯಲ್ಲ, ನಾನು ಜಗಲಿಯ ಹಿಂದೆ ಜನರೇಟರಿನ ಪಕ್ಕ ನಿಂತು ಬಾರಿಸುವುದು. ಮೇಲೆ ನನ್ನ ಜಾಗದಲ್ಲಿ ರಂಗಸ್ವಾಮಿಯ ಮೊಮ್ಮಗ ಕಿಶನ್ ನಿಂತು ಕೈ ಆಡಿಸುವುದು. ಕಿಶನ್ ಮೈಸೂರಲ್ಲಿ ಕಾಲೇಜು ಓದುತ್ತಾನೆ, ಅವನ ಹತ್ತಿರ ಗಿಟಾರಿದೆ, ಬಾರಿಸಲು ಬರುವುದಿಲ್ಲ. ಅವನು ಅದನ್ನ ಹೆಗಲಿಗೆ ಹಾಕಿಕೊಂಡು ಬಂದ. ಅದೇ ಕಪ್ಪು ಗಿಟಾರು. ಬೆಲೆ ಚೀಟಿ ಕೂಡ ಬಿಚ್ಚಿರಲಿಲ್ಲ, ಅಯೋಗ್ಯ.

ನನ್ನ ಸದ್ದು ಜಗಲಿ ಹತ್ತಬಹುದು, ನಾನು ಹತ್ತಬಾರದು. ಇದನ್ನ ನಾಗರಾಜು ಒಳ್ಳೇ ಸುದ್ದಿ ತಂದವನ ಹಾಗೆ ನಗುತ್ತಾ ಹೇಳಿದ.

ಅಪ್ಪನನ್ನೂ ಕರೆಸಿದರು. ಅಪ್ಪ ಮಂಚಯ್ಯ, ಈ ಊರಿನ ತಮಟೆಯವನು. ಮಗನ ಪ್ರೋಗ್ರಾಮು ನೋಡಬೇಕು ಅಂತ ಬಿಳೀ ಅಂಗಿ ಹಾಕಿಕೊಂಡು ಬಂದು ಶಾಮಿಯಾನದ ಆಚೆ ಹೊಂಗೆಮರದ ಕೆಳಗೆ ನಿಂತಿದ್ದ. ನಿನ್ನ ಮಗನಿಗೆ ಬುದ್ಧಿ ಹೇಳು ಅಂದರು. ಅಪ್ಪ ಹೆಗಲ ಮೇಲಿದ್ದ ಟವಲು ತೆಗೆದು ಕಂಕುಳಲ್ಲಿ ಇಟ್ಟುಕೊಂಡ. ಅದನ್ನ ನೋಡೋಕಾಗಲಿಲ್ಲ ನನಗೆ.

"ಇಳ್ಕೊ ಮಗ. ಗಿಟಾರು ಬರಗಂಟ ಇಳ್ಕೊ. ಆಮ್ಯಾಕೆ ನಿನ್ನಿಷ್ಟ."

ಇಳಿದೆ.

ಜನರೇಟರು ಡೀಸೆಲ್ ಹೊಗೆ ಕಾರುತ್ತಿತ್ತು. ಪಕ್ಕದಲ್ಲೇ ಬಾಡೂಟದ ಎಂಜಲೆಲೆ ಗುಡ್ಡೆ, ನಾಯಿಗಳು. ಗುಡಿ ಗೋಡೆಯ ಮೂಲೆಯಿಂದ ಓರೆಯಾಗಿ ಸ್ಟೇಜು, ಮುಂದಿನ ಕುರ್ಚಿ ಸಾಲುಗಳು, ಆಚೆ ಹೊಂಗೆಮರ ಕಾಣುತ್ತಿದ್ದವು. ಸಂಜೆ ಐದು ಗಂಟೆ, ಬಿಸಿಲು ಇನ್ನೂ ಚೆನ್ನಾಗಿತ್ತು. ಹಾಡುವ ಪ್ರಮೀಳಾ ಒಂದು ಸಲ ಬಗ್ಗಿ ನನ್ನ ಕಡೆ ನೋಡಿ ಮುಖ ತಿರುಗಿಸಿಕೊಂಡಳು. ನಾಲ್ಕು ಹಾಡು ಬಾರಿಸಿದೆ. ಹಾಳಾದ್ದು, ಬೆರಳಿಗೆ ಮಾನ ಮರ್ಯಾದೆ ಇಲ್ಲ ನೋಡಿ, ಅವತ್ತು ಎಂದಿಗಿಂತ ಚೆನ್ನಾಗಿ ನುಡಿಯಿತು. ಮೂರನೇ ಹಾಡಿನ ನಡುವೆ ನಾನೊಬ್ಬನೇ ಬಾರಿಸುವ ಜಾಗ ಬಂದಾಗ ಕಿಶನ್ ಕಣ್ಣು ಮುಚ್ಚಿ ತಲೆ ಆಡಿಸಿದ, ಜನ ಶಿಳ್ಳೆ ಹೊಡೆದರು.

ಆಮೇಲೆ ಸನ್ಮಾನ. ರಂಗಸ್ವಾಮಿಯನ್ನ ಸ್ಟೇಜಿನ ಮಧ್ಯೆ ದೊಡ್ಡ ಕುರ್ಚಿಯಲ್ಲಿ ಕೂರಿಸಿ, ಪೇಟ ಸುತ್ತಿ, ಆಳೆತ್ತರದ ಹಾರ ಹಾಕಿದರು. ಅವನು ಮೈಕು ತೆಗೆದುಕೊಂಡು ಮೊಮ್ಮಗನನ್ನ ಪಕ್ಕಕ್ಕೆ ಕರೆದು ಅವನ ಜೇಬಿಗೆ ನೋಟು ತುರುಕಿದ.

"ನೋಡುದ್ರಾ ಕೈಚಳಕವ? ಇದು ರಕ್ತದಲ್ಲಿ ಬರಬೇಕು ಕಣ್ರಪ್ಪ. ಈಗ ಕೇರಿ ಐಕಳೂ ಗಿಟಾರು ಅಂತವೆ. ಅವ್ರಿಗೆ ತಮಟೆ ಬುಟ್ರೆ ಬ್ಯಾರೇನ್ ಬಂದದು?"

ಸ್ಪೀಕರಿನಲ್ಲಿ ಆ ಮಾತು ಊರಿಗೆಲ್ಲ ಕೇಳಿತು. ನಮ್ಮ ಕೇರಿಗೂ ಕೇಳಿತು. ಹೊಂಗೆಮರದ ಕೆಳಗಿದ್ದ ಅಪ್ಪನಿಗಂತೂ ಕೇಳಿಯೇ ಕೇಳಿತು.

ಆಯ್ತು ಬುಡಪ್ಪ, ತಮಟೇನೇ ಕೇಳಿಸ್ಕೊ ಅಂದುಕೊಂಡೆ.

ಆರತಿ ತಟ್ಟೆ ಹಿಡಿದು ರಂಗಸ್ವಾಮಿಯ ಹೆಂಡತಿ ಯಶೋದಮ್ಮ ಸ್ಟೇಜು ಹತ್ತಿದಳು. ಮಂಗಳದ ಹಾಡು ಶುರು ಮಾಡು ಅಂತ ನಾಗರಾಜು ಕೈ ಮಾಡಿದ. ನಾನು ಎಡಗೈಯಲ್ಲಿ ತಂತಿಗಳನ್ನ ಅದುಮಿ ಹಿಡಿದು, ಬಲಗೈ ಬೆರಳಲ್ಲಿ ದಪ್ಪ ತಂತಿಯ ಮೇಲೆ ಬಡಿದೆ. ಎರಡು ಉದ್ದ, ಮೂರು ಗಿಡ್ಡ, ಒಂದು ಬಿಟ್ಟು ಮತ್ತೆ ಎರಡು. ಹೆಣದ ಮುಂದಿನ ಬಡಿತ. ನಮ್ಮ ಊರಲ್ಲಿ ಯಾರೇ ಸತ್ತರೂ ಚಟ್ಟ ಎತ್ತಿದ ಮೇಲೆ ಗುಂಡಿಯವರೆಗೂ ಅಪ್ಪ ಇದನ್ನೇ ಬಾರಿಸುತ್ತಾನೆ. ರಂಗಸ್ವಾಮಿಯ ಅಪ್ಪ ಸತ್ತಾಗಲೂ ಇದನ್ನೇ ಬಾರಿಸಿದ್ದ. ಹುಟ್ಟಿದ ಮಗುವಿಗೂ ಗೊತ್ತು ಈ ಬಡಿತ.

ದೊಡ್ಡ ಸ್ಪೀಕರಿನಲ್ಲಿ ಅದು ಎದೆಗೆ ಗುದ್ದಿದ ಹಾಗೆ ಬಂತು. ಯಶೋದಮ್ಮ ತಟ್ಟೆ ಹಿಡಿದಲ್ಲೇ ನಿಂತಳು. ಮುಂದಿನ ಸಾಲಿನ ಮುದುಕರು ಎದ್ದು ನಿಂತರು. ಹೆಣ ಹೋಗುವಾಗ ಕೂತಿರಬಾರದು ಅಂತ ರೂಢಿ, ಕಾಲು ತಾವಾಗೇ ಎದ್ದವು. ಒಬ್ಬ ತಲೆಗೆ ಸುತ್ತಿದ್ದ ಟವಲು ಬಿಚ್ಚಿದ. ಅವನನ್ನ ನೋಡಿ ಇನ್ನೊಬ್ಬನೂ ಬಿಚ್ಚಿದ. ಹಾರ ಹಾಕಿಕೊಂಡು ಕುರ್ಚಿಗೆ ಒರಗಿದ್ದ ರಂಗಸ್ವಾಮಿಯ ಎದುರು ಊರಿಗೆ ಊರೇ ಎದ್ದು ನಿಂತಿತ್ತು. ಪಟ್ಟಣದಲ್ಲಿ ಬೆಳೆದ ಕಿಶನ್‌ಗೆ ಏನೂ ತಿಳಿಯಲಿಲ್ಲ. ಅವನು ನಗುತ್ತಾ, ತಾತನ ಹೆಣದ ಬಡಿತಕ್ಕೆ ಸರಿಯಾಗಿ ಕೈ ಆಡಿಸುತ್ತಿದ್ದ.

ನಾಗರಾಜು ಎದ್ದೂ ಬಿದ್ದೂ ಓಡಿಬಂದ. "ನಿಲ್ಸಲೇ ಬೋಳಿಮಗನೆ. ನಿನ್ ಗಿಟಾರಿನ ದುಡ್ಡು ಓಯ್ತು ಅಂದ್ಕೊ. ಒಂದ್ ಪೈಸ ಕೊಡಕಿಲ್ಲ ನಾನು."

"ಆ ದುಡ್ಡ ನೀವೇ ಮಡೀಕಳಿ ಸಾರ್," ಅಂದೆ. ಅನ್ನುವಾಗ ಆ ಕಪ್ಪು ಗಿಟಾರೇ ಕಣ್ಣ ಮುಂದೆ ಬಂತು, ಸುಳ್ಳು ಯಾಕೆ ಹೇಳಲಿ, ಮೂರು ವರ್ಷದ ಗಿಟಾರು ಅದು. ಕೈ ಮಾತ್ರ ನಿಲ್ಲಿಸಲಿಲ್ಲ. ಹೊಂಗೆಮರದ ಕಡೆ ನೋಡಿದೆ. ಅಪ್ಪ ಬೇಡ ಅಂತ ತಲೆ ಆಡಿಸಲಿಲ್ಲ.

ಅಷ್ಟರಲ್ಲಿ ರಂಗಸ್ವಾಮಿಗೆ ಇದು ಯಾವ ಬಡಿತ, ಯಾರಿಗೆ ಅಂತ ಹೊಳೆಯಿತು. ಹಾರ ಕಿತ್ತೆಸೆದು ಎದ್ದ. ಕೈಯಲ್ಲಿನ್ನೂ ಮೈಕು ಇತ್ತು.

"ಎಳ್ಕಂಡ್ ಬನ್ರಲಾ ಆ ಸೂಳೆಮಗನ್ನ ಮ್ಯಾಕೆ! ಇಲ್ಲಿಗ್ ತನ್ನಿ, ನನ್ ಮುಂದ್ಕೆ!"

ನಾಲ್ಕು ಜನ ತೋಳೇರಿಸಿಕೊಂಡು ಬಂದರು. ಹೊಡೆಯುವುದಕ್ಕೆ ಮುಟ್ಟಿದರೆ ಇವರಿಗೆ ಯಾವತ್ತೂ ಮೈಲಿಗೆ ಆಗಿದ್ದಿಲ್ಲ.

"ಯಾಕ್ ಎಳೀತೀರಣ್ಣ," ಅಂದೆ. "ಪಟೇಲ್ರೇ ಕರ್ದವ್ರಲ್ಲ, ಬತ್ತೀನಿ."

ಗಿಟಾರು ಕೊರಳಲ್ಲೇ ಇತ್ತು. ಅದೇ ಬಡಿತ ಬಾರಿಸುತ್ತಾ ಗುಡಿಯ ಮೆಟ್ಟಿಲು ಹತ್ತಿದೆ. ಒಂದು, ಎರಡು, ಮೂರು. ಜಗಲಿಯ ಕಲ್ಲು ಬಿಸಿಲಿಗೆ ಕಾದಿತ್ತು.