ಎರಡು ಗ್ರಾಂ ಉಪ್ಪು

"ದಿನಕ್ಕೆ ಎರಡು ಗ್ರಾಂ ಉಪ್ಪು, ಅದಕ್ಕಿಂತ ಜಾಸ್ತಿ ಬೇಡ" ಎಂದು ದೊಡ್ಡಾಸ್ಪತ್ರೆಯ ಡಾಕ್ಟರು ಹೇಳಿಬಿಟ್ಟರು. ಹೇಳುವುದೇನೋ ಸುಲಭ. ಲಗ್ಗೆರೆಯ ಶೀಟಿನ ಮನೆಯಲ್ಲಿ ಒಲೆಯ ಮುಂದೆ ಕೂತ ರುಕ್ಮವ್ವನಿಗೆ ಗೊತ್ತಿದ್ದದ್ದು ಚಿಟಿಕೆ, ಹಿಡಿ, ಬೊಗಸೆ. ಗ್ರಾಂ ಎಂದರೆ ಎಷ್ಟು ಚಿಟಿಕೆ ಎಂದು ಅವಳಿಗೆ ಯಾರು ಹೇಳಬೇಕು?

ಗಂಡ ಮಲಕಪ್ಪನ ಕಿಡ್ನಿ ಎರಡೂ ಕೈಕೊಟ್ಟಿದ್ದವು. ಪೀಣ್ಯದ ಫೌಂಡ್ರಿ ಕೆಲಸ ಬಿಟ್ಟು, ಊದಿದ ಕಾಲು ಚಾಚಿಕೊಂಡು ಚಾಪೆ ಹಿಡಿದಿದ್ದ. ನೀರನ್ನೂ ಪುಟ್ಟ ಲೋಟದಲ್ಲಿ ಅಳೆದೇ ಕೊಡಬೇಕಿತ್ತು. ಉಪ್ಪು ತಿಂದವನು ನೀರು ಕುಡಿಯಲೇಬೇಕು ಅನ್ನುತ್ತಾರೆ. ಈ ಬಡಪಾಯಿಗೆ ಎರಡಕ್ಕೂ ಬರ.

ದಿನಸಿ ಅಂಗಡಿಯ ನೀಲಪ್ಪನ ತಕ್ಕಡಿಗೆ ಐವತ್ತು ಗ್ರಾಮಿಗಿಂತ ಚಿಕ್ಕ ತೂಕದ ಬಟ್ಟಿರಲಿಲ್ಲ. "ಎರಡು ಗ್ರಾಂ ತೂಗೋಕೆ ನಾನೇನು ಚಿನ್ನ ಮಾರ್ತೀನಾ ಅಕ್ಕಾ?" ಎಂದು ನಕ್ಕ. ರುಕ್ಮವ್ವ ನಗಲಿಲ್ಲ. ಊರಿಂದ ತಂದಿದ್ದ ಹರಳುಪ್ಪನ್ನು ಸೆರಗಿಗೆ ಕಟ್ಟಿಕೊಂಡು ಸೀದಾ ಚಿನ್ನದಂಗಡಿಗೇ ಹೋದಳು.

"ಯಣ್ಣಾ, ಇದನ್ನೊಂದಿಷ್ಟು ತೂಗಿ ಕೊಡ್ರಿ. ನನ್ನ ಗಂಡನ ಜೀವ ಐತಿ ಇದರಾಗ."

ಅಂಗಡಿಯವನು ಮೊದಲು ರೇಗಿದ, ಆಮೇಲೆ ಅವಳ ಮುಖ ನೋಡಿ ತಟ್ಟೆಗೆ ಕಾಗದ ಹಾಸಿ ತೂಗಿದ. ಎರಡು ಗ್ರಾಂ ಉಪ್ಪು ಅವಳು ಮನೆಯಿಂದ ತಂದಿದ್ದ ಕೆಮ್ಮಿನ ಔಷಧಿಯ ಮುಚ್ಚಳದ ಗೀರಿಗೆ ಸರಿಯಾಗಿ ಬಂತು. ಅಂದಿನಿಂದ ಆ ಮುಚ್ಚಳವೇ ಅವಳ ದೇವರು. ಬೆಳಗ್ಗೆ ಗೀರಿನವರೆಗೆ ತುಂಬಿ, ದಿನವಿಡೀ ಅದರಲ್ಲೇ ಅಡುಗೆ ಮುಗಿಸುತ್ತಿದ್ದಳು.

ಹರಳುಪ್ಪು ಮುಗಿಯಿತು. ನೀಲಪ್ಪನಲ್ಲಿದ್ದದ್ದು ಪ್ಯಾಕೆಟ್ಟಿನ ಪುಡಿ ಉಪ್ಪು ಮಾತ್ರ. ಯಾವ ಉಪ್ಪಾದರೇನು ಎಂದು ಅದನ್ನೇ ಗೀರಿನವರೆಗೆ ತುಂಬತೊಡಗಿದಳು. ಕಾಲಿನ ಬಾವು ಮುಖಕ್ಕೇರಿತು. ಏಕೋ ಅನುಮಾನ ಬಂದು ಮತ್ತೆ ಚಿನ್ನದಂಗಡಿಗೆ ಓಡಿದಳು.

"ಮೂರು ಗ್ರಾಂ ಇದೆಯಲ್ಲಮ್ಮ. ಹರಳಾದ್ರೆ ಮಧ್ಯೆ ಸಂದು ಇರುತ್ತೆ, ಪುಡಿ ಒತ್ತಾಗಿ ಕೂರುತ್ತೆ" ಎಂದ ಅಂಗಡಿಯವನು.

ರುಕ್ಮವ್ವ ಮನೆಗೆ ಓಡಿದಳು. ಮಲಕಪ್ಪನನ್ನು ಆಟೋದಲ್ಲಿ ಹಾಕಿಕೊಂಡು ಆಸ್ಪತ್ರೆಗೆ ಹೋದವಳು, ರಕ್ತಪರೀಕ್ಷೆ ಮಾಡಿಸಿ, ಅವನನ್ನು ಹೊರಗಿನ ಬೆಂಚಿನಲ್ಲಿ ಕೂರಿಸಿ ಒಬ್ಬಳೇ ಒಳಗೆ ಹೋಗಿ ಮುಚ್ಚಳವನ್ನು ಮೇಜಿನ ಮೇಲಿಟ್ಟು ಅತ್ತಳು. "ನಾನಽ ಕೊಂದೀನ್ರಿ ಸಾಹೇಬ್ರ. ಅಳತಿ ತಪ್ಪೀನಿ."

ಡಾಕ್ಟರು ರಕ್ತಪರೀಕ್ಷೆಯ ಚೀಟಿ ನೋಡಿದರು. ಮುಚ್ಚಳವನ್ನು ಅವಳ ಕಡೆಗೇ ಸರಿಸಿದರು.

"ನಿಮ್ಮಿಂದ ಏನೂ ಆಗಿಲ್ಲಮ್ಮ. ಕಾಯಿಲೆನೇ ಕೈಮೀರಿದೆ. ಇನ್ಮೇಲೆ ಅಳತೆ ಬೇಡ. ಬಾಯಿಗೆ ಏನು ಬೇಕು ಅಂತಾರೋ ಕೊಡಿ."

ಬೈದಿದ್ದರೆ ಎಷ್ಟೋ ಮೇಲಿತ್ತು ಅನ್ನಿಸಿತು ಅವಳಿಗೆ. ಹೊರಗೆ ಬಂದು, ಉಪ್ಪು ತಿನ್ನಬಹುದಂತೆ ಎಂದಷ್ಟೇ ಹೇಳಿದಳು. ಮಲಕಪ್ಪನ ಊದಿದ ಮುಖ ಅರಳಿತು.

"ಅಂದ್ರ ನಾ ಆರಾಮಾಗಾಕತ್ತೀನಿ ಅಂತಲ್ಲೇನ?"

"ಹೂಂ" ಎಂದಳು ರುಕ್ಮವ್ವ.

ಮನೆಗೆ ಬಂದು ಪುಂಡಿಪಲ್ಯ ಬೇಯಿಸಿ, ಮೊದಲಿನಂತೆ ಕೈಯಲ್ಲೇ ಉಪ್ಪು ಹಾಕಿದಳು. ಅವನು ರೊಟ್ಟಿ ಮುರಿದು ಒಂದು ತುತ್ತು ತಿಂದು ಕಣ್ಣು ಮುಚ್ಚಿದ.

"ಇವತ್ತ ನೋಡು ಹದ ಆತು. ನೀರು ಕೊಡು."

ರುಕ್ಮವ್ವ ಪುಟ್ಟ ಲೋಟ ಹುಡುಕಲಿಲ್ಲ. ಚೊಂಬಿನ ತುಂಬ ನೀರು ತಂದು ಅವನ ಮುಂದಿಟ್ಟಳು.