ಹಿಂದಿನ ಖೋಲಿಯ ರೂಟರ್

ಮಗಳ ಪಿಯುಸಿ ನಂಬರನ್ನು ಯಮನಪ್ಪ ಒಂದೊಂದೇ ಅಂಕಿಯಾಗಿ ಓದಿ ಹೇಳಿದ. ಗೌರೀಶ ಅದನ್ನು ಒತ್ತಿ ರಿಸಲ್ಟಿಗಾಗಿ ಕಾದ. ಪರದೆ ಬಿಳಿಯಾಗಿ ನಿಂತಿತು, ಏನೂ ಬರಲಿಲ್ಲ.

"ಏನಾತ್ರಿ ಸಾವಕಾರ? ಫೇಲ್ ಆಗ್ಯಾಳೇನ್ರಿ?" ಸಾಲಹಳ್ಳಿಯಿಂದ ಬೆಳಗಿನ ಬಸ್ಸಿಗೇ ಬಂದು ಕೂತಿದ್ದ ಯಮನಪ್ಪ ಟವೆಲ್ಲಿನಿಂದ ಕತ್ತು ಒರೆಸಿಕೊಂಡ.

"ನಿನ್ನ ಮಗಳಲ್ಲೋ, ನಮ್ಮ ನೆಟ್ ಫೇಲ್ ಆಗೇತಿ." ಗೌರೀಶ ಒಳಗೆ ತಿರುಗಿ ಕೂಗಿದ. "ರಾಜೀ, ಏನ್ ಮಾಡಾಕ್ಹತ್ತಿ ಅಲ್ಲಿ?"

ರಾಮದುರ್ಗದ ಆ ಮನೆಯ ಮುಂಭಾಗದಲ್ಲಿ ಗೌರೀಶನ ಬೀಜ-ಗೊಬ್ಬರದ ಅಂಗಡಿ. ಅದರ ಹಿಂದೆ ಪಡಸಾಲೆ, ದೇವರ ಖೋಲಿ, ಅಡುಗೆಮನೆ. ಎಲ್ಲಕ್ಕೂ ಹಿಂದೆ, ಎತ್ತು ಇದ್ದ ಕಾಲದಲ್ಲಿ ಮೇವು ತುಂಬುತ್ತಿದ್ದ ಖೋಲಿ. ಅಲ್ಲಿ ಅವನ ತಂಗಿ ರಾಜೇಶ್ವರಿ ಬೆಳಗಾವಿಯಿಂದ ತರಿಸಿದ ಹೊಸ ರೂಟರ್ ಇಟ್ಟುಕೊಂಡು ಕೂತಿದ್ದಳು. ಅಂಗಡಿಯ ರೂಟರಿನಿಂದ ಎಳೆದುತಂದ ವಾಯರನ್ನು ಆಗಷ್ಟೇ ಅದಕ್ಕೆ ಸಿಕ್ಕಿಸಿದ್ದಳು. ಹಸಿರು ದೀಪ ಹತ್ತಿದ್ದು ನೋಡಿ ಆಗಿಯೇ ಹೋಯಿತು ಅಂದುಕೊಂಡಿದ್ದಳು.

ಗೌರೀಶ ಬಂದವನೇ ವಾಯರ್ ಕಿತ್ತ.

"ಸಾಕ ಬಿಡು. ಮೊದಲಿನಂಗ ಅಂಗಡ್ಯಾಗ ಕುಂತ ಮಾಡು. ಯಾರ ಬ್ಯಾಡ ಅಂದಾರ ನಿನಗ?"

ಅಡುಗೆಮನೆಯ ಹೊಸ್ತಿಲಲ್ಲಿ ಜೋಳ ಹಸನು ಮಾಡುತ್ತಿದ್ದ ತಾಯಿ ಸೋಮವ್ವ ಮೊರದಿಂದ ತಲೆಯೆತ್ತಿ ಇಬ್ಬರನ್ನೂ ನೋಡಿದಳು.

ರಾಜೇಶ್ವರಿ ಸವದತ್ತಿಯ ಗಂಡನ ಮನೆ ಬಿಟ್ಟು ಬರುವ ದಿನ ಟೆಂಪೋ ಮಾಡಿಕೊಂಡು ಬಂದವನು ಇದೇ ಅಣ್ಣ. ಕಪಾಟು, ಟ್ರಂಕು ಎಲ್ಲ ತಾನೇ ಹೊತ್ತು ಏರಿಸಿದ್ದ. ದಾರಿಯುದ್ದಕ್ಕೂ ಒಂದು ಪ್ರಶ್ನೆ ಕೇಳಿರಲಿಲ್ಲ. ಅವಳು ಅಂಗಡಿಯ ಕಂಪ್ಯೂಟರಿನಲ್ಲಿ ಸೀರೆಯ ಅಂಚಿನ ದಡಿಗಳ ಡಿಸೈನು ಬರೆಯತೊಡಗಿದಾಗಲೂ ಬೇಡ ಅನ್ನಲಿಲ್ಲ. ಊರಿನ ಮಗ್ಗದವರು ಒಯ್ದರು, ಆಮೇಲೆ ಇಳಕಲ್ಲಿನಿಂದಲೂ ಕೇಳಿ ಬಂದರು. ಅಲ್ಲಿ ಮಗ್ಗಗಳನ್ನು ನಡೆಸುತ್ತಿದ್ದ ಬಾಯವ್ವ ಎಂಬಾಕೆ, ನಿಮ್ಮ ದಡಿ ಮಗ್ಗದ ಮೇಲೆ ಏರಿದೆ, ಬಂದು ನೋಡಿ ಹೋಗಿರಿ ಎಂದು ಮಗನ ಕೈಯಿಂದ ಮೇಲ್ ಬರೆಸಿದ್ದಳು. ಆ ಮೇಲ್ ರಾಜೇಶ್ವರಿಯ ಕಣ್ಣಿಗೆ ಬೀಳಲೇ ಇಲ್ಲ. ಒಂದು ದಿನ ಫೋನು ಬಂತು. "ನಾ ಬ್ಯಾರೆ ಊರಿಗೆ ಬರಂಗಿಲ್ಲಂತ ಬರದೀರಲ್ಲರಿ, ಯಾಕ್ರಿ? ನಮ್ಮ ಮ್ಯಾಲ ಸಿಟ್ಟೇನ್ರಿ?" ಎಂದು ಬಾಯವ್ವ ಕೇಳಿದ್ದಳು.

ತನ್ನ ಹೆಸರಿನಲ್ಲಿ ಉತ್ತರ ಬರೆದವರು ಯಾರೆಂದು ರಾಜೇಶ್ವರಿ ಕೇಳಬೇಕಾಗಿರಲಿಲ್ಲ. ಅಂಗಡಿಯ ಕಂಪ್ಯೂಟರಿನಲ್ಲಿ ಅವಳ ಮೇಲ್ ತೆರೆದೇ ಇರುತ್ತಿತ್ತು. ಅವಳು ಜಗಳ ತೆಗೆಯಲಿಲ್ಲ. ಬೈಲಹೊಂಗಲದಲ್ಲಿ ಮುಚ್ಚಿದ ಸೈಬರ್ ಕೆಫೆಯೊಂದರಿಂದ ಹಳೆಯ ಲ್ಯಾಪ್‌ಟಾಪ್ ಕೊಂಡಳು. ಅದರ ನೆಟ್ ವಾಯರಿನ ಕಿಂಡಿ ಕೆಟ್ಟಿತ್ತು, ವೈಫೈ ಮಾತ್ರ ಹಿಡಿಯುತ್ತಿತ್ತು. ಅಂಗಡಿಯ ವೈಫೈ ಮಣ್ಣಿನ ದಪ್ಪ ಗೋಡೆಗಳನ್ನು ದಾಟಿ ಮೇವಿನ ಖೋಲಿಯವರೆಗೆ ಬರುತ್ತಿರಲಿಲ್ಲ. ಹಾಗಾಗಿ ಎರಡನೆಯ ರೂಟರ್. ಅಂಗಡಿಯ ಗದ್ದಲದಲ್ಲಿ ಗೆರೆ ತಪ್ಪುತ್ತವೆ ಎಂದಷ್ಟೇ ಅಣ್ಣನಿಗೆ ಹೇಳಿದ್ದಳು.

ವಾಯರ್ ಕಿತ್ತು ಅಂಗಡಿಗೆ ಮರಳಿದ ಗೌರೀಶ ಎಲ್ಲವನ್ನೂ ಆರಿಸಿ ಮತ್ತೆ ಹಚ್ಚಿದ. ರಿಸಲ್ಟು ಬಂತು.

"ಫಸ್ಟ್ ಕ್ಲಾಸ್ ಪಾ ಯಮನಪ್ಪಾ!"

ಯಮನಪ್ಪನ ನಗು ಒಳಗಿನವರೆಗೂ ಕೇಳಿಸಿತು. "ಧಾರವಾಡಕ್ಕ ಕಳಿಸ್ಲೇನ್ರಿ ಸಾವಕಾರ? ಹೆಣ್ಣ ಹುಡುಗಿ, ಒಬ್ಬಾಕೀನ ಹೆಂಗ ಬಿಡೂದಂತೇನಿ."

"ಕಳಸೋ. ಶಾಣೇಕಿ ಅದಾಳ, ಯಾಕ ಅಂಜತಿ?"

ಒಳಗೆ ಆ ಮಾತು ಕೇಳುತ್ತಲೇ ರಾಜೇಶ್ವರಿ ಕೈಯಲ್ಲಿದ್ದ ರೂಟರನ್ನು ಮಗುಚಿದಳು. ಆಮೇಲೆ ಅದರ ತಳದ ಚೀಟಿ ಓದಿದಳು. ಎದ್ದು ಅಂಗಡಿಗೆ ಹೋಗಿ ಅಲ್ಲಿಯ ರೂಟರಿನ ತಳ ನೋಡಿದಳು. ಎರಡರ ಮೇಲೂ ಅಚ್ಚಾಗಿದ್ದ ನೆಟ್ ಅಡ್ರೆಸ್ಸು ಒಂದೇ. ಕಂಪ್ಯೂಟರು ಯಾವುದನ್ನು ಕೇಳಬೇಕೆಂದು ತಿಳಿಯದೆ ನಿಂತುಬಿಟ್ಟಿತ್ತು. ಅವಳು ಮರಳಿ ಬಂದು ಲ್ಯಾಪ್‌ಟಾಪಿನಿಂದ ಹೊಸ ರೂಟರಿನ ಅಡ್ರೆಸ್ಸಿನ ಕೊನೆಯ ಅಂಕಿ ಬದಲಿಸಿದಳು. ಕಂಪ್ಯೂಟರುಗಳಿಗೆ ನಂಬರು ಹಂಚುವ ಕೆಲಸವನ್ನು ಅದರಿಂದ ತೆಗೆದು ಅಂಗಡಿಯ ರೂಟರಿಗೇ ಬಿಟ್ಟಳು. ಯಮನಪ್ಪ ಪೇಢೆ ತರಲು ಪೇಟೆಗೆ ಹೋದದ್ದು ನೋಡಿ ಅಂಗಡಿಗೆ ಬಂದಳು.

"ಇನ್ನೊಮ್ಮೆ ಹಚ್ಚತೇನಿ ಅಣ್ಣಾ."

"ಮತ್ತ ಹೋತಂದ್ರ?"

"ಹೋತಂದ್ರ ತಗದ ಇಡತೇನಿ. ಮತ್ತ ಕೇಳಂಗಿಲ್ಲ."

ಹಿಂದಿನ ಖೋಲಿಗೆ ಹೋಗಿ ವಾಯರ್ ಸಿಕ್ಕಿಸಿದಳು. ಅಂಗಡಿಯಲ್ಲಿ ಗೌರೀಶ ಒಂದು ಪುಟ ತೆರೆದ, ಇನ್ನೊಂದು ತೆರೆದ. ಎರಡೂ ಬಂದವು. ಖೋಲಿಯಲ್ಲಿ ಲ್ಯಾಪ್‌ಟಾಪಿಗೂ ನೆಟ್ ಬಂತು. ಗೌರೀಶ ಅಲ್ಲಿಗೆ ಬಂದು ಬಾಗಿಲಲ್ಲಿ ನಿಂತ.

"ಪಾಸ್‌ವರ್ಡ್ ಹೇಳಿಡು. ನನಗೂ ಗೊತ್ತಿರಲಿ."

"ಈ ಡಬ್ಬೀದು ಹೇಳತೇನಿ," ಎಂದಳು ರಾಜೇಶ್ವರಿ. "ನನ್ನ ಮೇಲ್ ಪಾಸ್‌ವರ್ಡ್ ಹೇಳಂಗಿಲ್ಲ. ಅದಕ್ಕ ಉತ್ತರ ಇನ್ನ ನಾನ ಬರಿತೇನಿ."

ಗೌರೀಶನ ಮುಖ ಕೆಂಪಾಯಿತು. ತಾಯಿಯ ಕಡೆ ನೋಡಿದ. ಸೋಮವ್ವ ಜೋಳ ಕೇರುವುದನ್ನು ನಿಲ್ಲಿಸಿದ್ದಳು.

"ಮಂದಿ ಏನಂತಾರ ಗೊತ್ತೈತೇನ ನಿನಗ? ಆ ಮಾತು ನಿನ್ನ ಕಿವಿಗೆ ಬೀಳಬಾರದಂತ ಮಾಡೇನಿ ನಾ."

"ಗೊತ್ತೈತಣ್ಣಾ. ನನ್ನ ಕಿವಿಗೇ ಮೊದಲ ಬಿದ್ದೈತಿ."

ಗೌರೀಶ ತಿರುಗಿ ಅಂಗಡಿಯ ಕಡೆಗೆ ಹೊರಟುಹೋದ. ಸೋಮವ್ವ ಮತ್ತೆ ಜೋಳ ಕೇರತೊಡಗಿದಳು.

ರಾಜೇಶ್ವರಿ ಬಾಯವ್ವನಿಗೆ ಬರೆಯಲು ಕೂತಳು. ಮೊದಲ ಸಾಲು ಬರೆದು ಅಳಿಸಿದಳು. ಎರಡನೆಯ ಸಲ ಬರೆಯುವಾಗ ಪಡಸಾಲೆಯಲ್ಲಿ ಸುತ್ತಿಗೆಯ ಸದ್ದು ಕೇಳಿತು. ಬಗ್ಗಿ ನೋಡಿದಳು. ಗೌರೀಶ ಬಾಯಲ್ಲಿ ಸಣ್ಣ ಮೊಳೆಗಳನ್ನು ಕಚ್ಚಿಕೊಂಡು, ನೆಲದಲ್ಲಿ ಬಿದ್ದಿದ್ದ ವಾಯರನ್ನು ಎತ್ತಿ ಗೋಡೆಯಗುಂಟ ಬಿಗಿಯುತ್ತಿದ್ದ.

"ಅವ್ವಾ, ಎಡವಿ ಬಿದ್ದೀ, ಅತ್ತಾಗ ಸರಿ," ಎಂದು ಮೊಳೆಗಳ ನಡುವಿನಿಂದಲೇ ಅಂದ.

ದೇವರ ಖೋಲಿಯ ಚೌಕಟ್ಟು ದಾಟಿ, ಅಡುಗೆಮನೆಯ ಗೋಡೆ ಹಿಡಿದು, ಆ ಸದ್ದು ಮೆಲ್ಲಗೆ ಹಿಂದಿನ ಖೋಲಿಯ ಕಡೆಗೆ ಬರುತ್ತಿತ್ತು.